ಮಕ್ಕಳ ಕೋಣೆ

ಆ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಕೆಲಸಗಾರರ ಮಕ್ಕಳಿಗೆಂದೇ ಒಂದು ಕೋಣೆಯಿತ್ತು. ಅದಕ್ಕೆ ಸದಾ ಬೀಗ. ಹೊಲಿಗೆ ಕೆಲಸದ ವಸಂತ ತನ್ನ ನಾಲ್ಕು ವರ್ಷದ ಮಗಳನ್ನು ಮನೆಯಲ್ಲಿ ಒಬ್ಬಳನ್ನೇ ಬಿಟ್ಟು, ಹೊರಗಿನಿಂದ ಬೀಗ ಜಡಿದು ಬರುತ್ತಿದ್ದಳು.

ಒಂದು ದಿನ ಸೂಪರ್‌ವೈಸರ್ ಅವಳ ಮಷಿನ್ ಹತ್ತಿರ ಬಂದ. "ನಾಳೆ ಮಗೂನ ಕರ್ಕೊಂಡ್ ಬಾ. ನಮ್ ಬಟ್ಟೆ ತಗೊಳ್ಳೋ ಫಾರಿನ್ನೋರು ತಪಾಸಣೆಗೆ ಬರ್ತಾರೆ. ಕೇಳಿದ್ರೆ ದಿನಾ ಬರ್ತೀನಿ ಅನ್ನೋಕೆ ಹೇಳ್ಕೊಡು."

"ನಾಳಿದ್ದೂ ಕರ್ಕೊಂಡ್ ಬರ್ಲಾ ಸಾರ್?"

"ಮೊದ್ಲು ನಾಳೇದು ನೋಡು."

ಸಂಜೆ ಅಕ್ಕಿ ಆರಿಸುತ್ತಲೇ ವಸಂತ ಮಗಳಿಂದ ಹತ್ತಾರು ಸಲ ಆ ಮಾತು ಹೇಳಿಸಿದಳು. ಮರುದಿನ ಕೋಣೆಯ ಬೀಗ ತೆಗೆದಿತ್ತು. ಒಳಗೆ ಗೊಂಬೆಗಳಿದ್ದವು, ಜೋಕಾಲಿಯಿತ್ತು, ಲೋಟದ ತುಂಬ ಹಾಲಿತ್ತು. ತಪಾಸಣೆಗೆ ಬಂದ ಹೆಂಗಸು ದುಭಾಷಿಯ ಮೂಲಕ ಕೇಳಿದಾಗ ಮಗಳು ತಡವರಿಸದೆ, "ದಿನಾ ಬರ್ತೀನಿ" ಎಂದಳು. ಹೆಂಗಸು ಖುಷಿಯಿಂದ ಬರೆದುಕೊಂಡಳು. ಸಂಜೆಯ ಹೊತ್ತಿಗೆ ಬಾಡಿಗೆಗೆ ತಂದಿದ್ದ ಗೊಂಬೆಗಳು ಆಟೋ ಹತ್ತಿದವು.

ಮಾರನೆಯ ಬೆಳಿಗ್ಗೆ ಮಗಳು ಚಪ್ಪಲಿ ಹಾಕಿಕೊಂಡು ಅಮ್ಮನಿಗಿಂತ ಮೊದಲೇ ಹೊಸ್ತಿಲ ಬಳಿ ನಿಂತಿದ್ದಳು. ವಸಂತ ಅವಳನ್ನು ಎತ್ತಿ ಒಳಗೆ ಬಿಟ್ಟು ಬೀಗ ಹಾಕಿದಳು.

ಬಾಗಿಲ ಹಿಂದಿನಿಂದ ಸಣ್ಣ ದನಿ ಕೇಳಿತು:

"ನಾನು ತಪ್ಪಾಗಿ ಹೇಳ್ಬಿಟ್ನಾ ಅಮ್ಮ?"