ಕೆರೆ ಏರಿಯ ಮೇಲೆ ಇಬ್ಬರು

ಮಗಳ ಡ್ರಾಯಿಂಗ್ ಹಾಳೆಯ ಮೇಲೆ ನೀರು ಚೆಲ್ಲಿದರೆ ಏಳುವ ಒದ್ದೆ ಕಾಗದದ ವಾಸನೆಗೆ ನನಗೆ ಈಗಲೂ ಆ ಭಾನುವಾರದ ಮಧ್ಯಾಹ್ನ ನೆನಪಾಗುತ್ತದೆ.

ಅಕ್ಕ ಮದುವೆಯಾಗಿ ಕುಣಿಗಲ್‌ಗೆ ಹೋಗಿ ತಿಂಗಳಾಗಿತ್ತು. ಮಂಕಾಗಿ ಕೂತಿರುತ್ತಿದ್ದ ನನ್ನನ್ನು ಅಪ್ಪ ಗುಬ್ಬಿಯಿಂದ ತುಮಕೂರಿಗೆ, ಚಿತ್ರಕಲಾ ಸಂಘದವರು ಏರ್ಪಡಿಸಿದ್ದ ಜಲವರ್ಣದ ಪ್ರಾತ್ಯಕ್ಷಿಕೆಗೆ ಕರೆದೊಯ್ದಿದ್ದರು. ಅಲ್ಲಿ ಕಲಾವಿದರೊಬ್ಬರು ನಮ್ಮ ಗುಬ್ಬಿ ಕೆರೆಯನ್ನೇ ಬರೆಯುತ್ತಿದ್ದರು. ಏರಿಯ ಮೇಲೆ ಬ್ರಷ್ಷಿನ ತುದಿಯಿಂದ ಇಬ್ಬರನ್ನು ನಿಲ್ಲಿಸಿದರು, ಒಬ್ಬಳು ಉದ್ದ, ಒಬ್ಬಳು ಗಿಡ್ಡ. ಸಂಜೆ ಅಲ್ಲಿ ಓಡಾಡುತ್ತಿದ್ದ ಅಕ್ಕ ಮತ್ತು ನಾನೇ!

ಆಮೇಲೆ ಅವರು ತಲೆ ಓರೆ ಮಾಡಿ ನೋಡಿ, ಒದ್ದೆ ಬಟ್ಟೆಯ ಚುಂಗಿನಿಂದ ಉದ್ದದವಳನ್ನು ಮೆಲ್ಲಗೆ ಒತ್ತಿ ತೆಗೆದುಬಿಟ್ಟರು.

"ಅಯ್ಯೋ, ಅಳಿಸ್ಬೇಡಿ ಅಂಕಲ್!" ಎಂದು ಕೂಗಿಬಿಟ್ಟೆ. ಎಲ್ಲರೂ ನಕ್ಕರು.

"ಕೆರೆ ದೊಡ್ಡದಾಗಿ ಕಾಣ್ಬೇಕು ಅಂದ್ರೆ ಒಬ್ಳೇ ಇರ್ಬೇಕು ಕಣಮ್ಮ," ಎಂದರು ಅವರು.

ನಾಲ್ಕು ಜನರೆದುರು ಬಾಯಿಬಿಡದ ಅಪ್ಪ ಎದ್ದು ನಿಂತರು. "ಇನ್ನೊಬ್ಳೂ ಇರ್ಲಿ ಬಿಡಿ ಸಾರ್. ಕೆರೆ ಚಿಕ್ಕದಾದ್ರೆ ಆಗ್ಲಿ."

"ಒದ್ದೆ ಜಾಗ ಸಾರ್, ಬರೆದ್ರೆ ಬಣ್ಣ ಹರಡೋಗುತ್ತೆ."

ಅಪ್ಪ ಕೂತರು.

ಬಸ್ ಸ್ಟ್ಯಾಂಡಿನಲ್ಲಿ ಗುಬ್ಬಿ ಬಸ್ಸು ಎದುರಿಗೇ ಇತ್ತು. ಅಪ್ಪ ನನ್ನ ಕೈ ಹಿಡಿದು ಕುಣಿಗಲ್ ಬಸ್ಸಿನ ಪಕ್ಕ ನಿಂತರು.

"ಹತ್ತೀರಾ ಸಾರ್?" ಎಂದ ಕಂಡಕ್ಟರ್.

"ಇಲ್ಲಪ್ಪ," ಎಂದರು ಅಪ್ಪ. ಆದರೂ ಅದು ಹೊರಡುವವರೆಗೂ ಅಲ್ಲೇ ನಿಂತಿದ್ದರು.