ಹಪ್ಪಳದ ಹಿಟ್ಟು ಒಣಗಿಹೋದ ದಿನ

ಇದನ್ನು ಗ್ರೂಪ್‌ಗೆ ಹಾಕಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ... ಗಂಡಸರೂ ಇರುವ ಗ್ರೂಪು. ಆದರೂ ಹಾಕುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಹಾಸನದ ಒಂದು ಬಡಾವಣೆಯಲ್ಲಿ ಹೆಂಗಸರೇ ಸೇರಿ ನಡೆಸುವ ಹಪ್ಪಳದ ಘಟಕ. ಎಂಟು ಜನ ಸಾಲಾಗಿ ಕೂತು ಉದ್ದಿನ ಹಪ್ಪಳ ಲಟ್ಟಿಸುತ್ತಾರೆ.

ಆ ಕೋಣೆಗೆ ಒಂದೇ ಒಂದು ಕಟ್ಟುನಿಟ್ಟಿನ ನಿಯಮ... ಕೆಲಸ ಮುಗಿಯುವವರೆಗೆ ಫ್ಯಾನ್ ಹಾಕುವಂತಿಲ್ಲ.

ಗಾಳಿ ತಗುಲಿದರೆ ಹಿಟ್ಟು ಒಣಗುತ್ತದೆ, ಲಟ್ಟಿಸುವಾಗ ಅಂಚು ಬಿರಿಯುತ್ತದೆ. ಬಿರಿದ ಹಪ್ಪಳವನ್ನು ಯಾರೂ ಕೊಳ್ಳುವುದಿಲ್ಲ.

ಸುಭದ್ರಾಗೆ ನಲವತ್ತೊಂಬತ್ತು ವರ್ಷ. ಹನ್ನೊಂದು ವರ್ಷದಿಂದ ಅಲ್ಲೇ ಕೆಲಸ. ಹೊಸಬರಿಗೆ ಕಲಿಸುವವಳೂ ಅವಳೇ.

ಆರು ತಿಂಗಳಿಂದ ಅವಳಿಗೆ ಏನೋ ಆಗುತ್ತಿತ್ತು...

ಕೂತಲ್ಲೇ ಎದೆಯಿಂದ ಬಿಸಿ ಎದ್ದು ಕುತ್ತಿಗೆ, ಮುಖ, ಕಿವಿಗೆಲ್ಲ ಏರುತ್ತಿತ್ತು. ರವಿಕೆ ಬೆನ್ನಿಗೆ ಅಂಟಿಕೊಳ್ಳುವಷ್ಟು ಬೆವರು. ಐದು ನಿಮಿಷ ಕಳೆದರೆ ಚಳಿ!

ಮುಟ್ಟು ಒಂದು ತಿಂಗಳು ಬಂದರೆ ಮೂರು ತಿಂಗಳು ಇಲ್ಲ. ನಿದ್ದೆ ಇಲ್ಲ. ಕೈಯಲ್ಲೇ ಬೀಗದ ಕೈ ಹಿಡಿದುಕೊಂಡು ಅದನ್ನೇ ಮನೆಯೆಲ್ಲ ಹುಡುಕುತ್ತಿದ್ದಳು.

ಬೆವರು ಹಪ್ಪಳದ ಮೇಲೆ ಬೀಳಬಾರದಲ್ಲ... ಒಂದು ಕೈಯಲ್ಲಿ ಟವೆಲ್, ಇನ್ನೊಂದು ಕೈಯಲ್ಲಿ ಲಟ್ಟಣಿಗೆ. ಕೆಲಸ ನಿಧಾನವಾಯಿತು.

"ಏನ್ ಸುಭದ್ರಕ್ಕಾ, ಹಪ್ಪಳಕ್ಕಿಂತ ಮೊದ್ಲು ನೀವೇ ಕರಿದು ಹೋಗ್ತೀರೇನೋ!" ಎಂದು ಪಕ್ಕದಲ್ಲಿ ಕೂರುವ ಜಯಶೀಲಾ ಕೀಟಲೆ ಮಾಡುತ್ತಿದ್ದಳು.

ಎಲ್ಲರೂ ನಗುತ್ತಿದ್ದರು. ಸುಭದ್ರಾಳೂ ನಗುತ್ತಿದ್ದಳು. ಒಳಗೆ ಮಾತ್ರ ಲಟ್ಟಣಿಗೆ ಎತ್ತಿ ಎಸೆಯಬೇಕೆನ್ನುವಷ್ಟು ಸಿಟ್ಟು...

ಮನೆಯಲ್ಲಿ ಹೇಳಿದರೆ ಗಂಡ ಟಿವಿಯಿಂದ ಕಣ್ಣು ತೆಗೆಯದೆ, "ಉಷ್ಣ ಆಗಿರ್ಬೇಕು, ಮಜ್ಜಿಗೆ ಕುಡಿ" ಎಂದ.

ಡಾಕ್ಟರ್ ಬಳಿ ಹೋದಳು. "ಈ ವಯಸ್ಸಿಗೆ ಸಹಜ ಅಮ್ಮಾ, ಎಲ್ಲರಿಗೂ ಆಗುತ್ತೆ" ಎಂದು ಮುಂದಿನವರನ್ನು ಕರೆದರು.

ಸಹಜ ಎನ್ನುವುದು ಸರಿ... ಆದರೆ ಎಷ್ಟು ದಿನ? ಏನು ಮಾಡಬೇಕು? ಯಾರನ್ನು ಕೇಳಬೇಕು?

ಒಂದು ದಿನ ದೊಡ್ಡ ಮದುವೆ ಮನೆಯ ಆರ್ಡರ್ ಇತ್ತು. ಎಲ್ಲರೂ ಟೀ ಕುಡಿಯಲು ಹೊರಗೆ ಹೋದರು. ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಬರುವುದು ಸುಭದ್ರಾಳ ಪಾಳಿ.

ಆಗಲೇ ಮತ್ತೆ ಬಿಸಿ ಏರಿತು. ಕಣ್ಣು ಕತ್ತಲೆ ಬಂತು. ಒಂದೇ ನಿಮಿಷ ಎಂದುಕೊಂಡು ಫ್ಯಾನ್ ಹಾಕಿ ಅದರ ಕೆಳಗೆ ನಿಂತಳು...

ಅಬ್ಬಾ! ಆ ಗಾಳಿಗೆ ಅಳುವೇ ಬಂತು. ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಒದ್ದೆ ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು.

ಎಲ್ಲರೂ ವಾಪಸ್ ಬರುವಷ್ಟರಲ್ಲಿ ಹಿಟ್ಟಿನ ಮೇಲೆ ಗಟ್ಟಿ ಪದರ ಕಟ್ಟಿತ್ತು. ಒಂದು ಉಂಡೆ ಲಟ್ಟಿಸಿ ನೋಡಿದರು... ಸುತ್ತಲೂ ಬಿರುಕು.

ಘಟಕ ನಡೆಸುವ ಕನಕಮ್ಮನಿಗೆ ಅರವತ್ತು ವರ್ಷ. ಅವರ ದನಿಗೆ ಎಲ್ಲರೂ ಹೆದರುತ್ತಿದ್ದರು.

"ಹನ್ನೊಂದು ವರ್ಷದವಳು ಮಾಡೋ ಕೆಲ್ಸನೇನೇ ಇದು? ಮದುವೆ ಮನೆಯವರಿಗೆ ನಾನೇನ್ ಹೇಳ್ಲಿ? ಸಾಕು, ನಾಳೆಯಿಂದ ನೀನು ಬರ್ಬೇಡ!"

ಸುಭದ್ರಾ ತಲೆ ತಗ್ಗಿಸಿ ಬ್ಯಾಗ್ ಎತ್ತಿಕೊಂಡಳು. ಬಾಗಿಲವರೆಗೆ ಹೋದಳು. ಅಲ್ಲಿ ನಿಂತುಬಿಟ್ಟಳು...

"ಮೈ ಉರಿಯುತ್ತೆ ಕನಕಕ್ಕಾ! ದಿನಕ್ಕೆ ಹತ್ತು ಸಲ ಉರಿಯುತ್ತೆ! ಮುಟ್ಟು ನಿಲ್ತಾ ಇದೆ ನಂಗೆ. ಮರೆವು ಬಂದಿದೆ, ಸುಮ್ ಸುಮ್ನೆ ಅಳು ಬರುತ್ತೆ. ಯಾರಿಗೆ ಹೇಳಿದ್ರೂ ಸಹಜ, ಸಹಜ! ಹನ್ನೊಂದು ವರ್ಷದಲ್ಲಿ ಒಂದ್ ದಿನ ತಪ್ಪು ಮಾಡಿದ್ನಾ ನಾನು?"

ಪ್ಯಾಕೆಟ್ ಒಯ್ಯಲು ಬಂದಿದ್ದ ಆಟೋದವನು ಮೆಲ್ಲಗೆ ಹೊರಗೆ ಹೋದ.

ಮೊದಲು ಮಾತಾಡಿದವಳು ಜಯಶೀಲಾ. ಆ ಕೀಟಲೆಯ ಜಯಶೀಲಾ...

"ಅಕ್ಕಾ... ನಂಗೂ ಆಗ್ತಿದೆ. ಎರಡು ರವಿಕೆ ತಂದು ಬಾತ್‌ರೂಮಲ್ಲಿ ಬದಲಾಯಿಸ್ಕೋತೀನಿ. ಎಲ್ರೂ ನಿಮ್ ಕಡೆ ನೋಡಿದ್ರೆ ನನ್ನನ್ನ ನೋಡಲ್ವಲ್ಲ ಅಂತ ನಿಮ್ಮನ್ನ ರೇಗಿಸ್ತಿದ್ದೆ..."

ಕನಕಮ್ಮ ಅಲ್ಲೇ ಮಣೆಯ ಮೇಲೆ ಕುಸಿದು ಕೂತರು.

"ಇಂದ್ರಾಣಿ ಅಂತ ಒಬ್ಳಿದ್ಲು, ನಿನಗಿಂತ ಮುಂಚೆ" ಎಂದರು. "ನನ್ನ ಜೊತೆ ಈ ಘಟಕ ಶುರು ಮಾಡಿದವಳು. ಒಂದ್ ದಿನ ಉಪ್ಪು ಸ್ವಲ್ಪ ಜಾಸ್ತಿ ಹಾಕಿದ್ಲು. ಅಷ್ಟಕ್ಕೇ ಎಲ್ಲರ ಎದುರು ಬಾಯಿಗೆ ಬಂದಂಗೆ ಬೈದೆ. ಅವಳು ಮತ್ತೆ ಬರ್ಲೇ ಇಲ್ಲ..."

"ಆಗ ನಂಗೂ ಇದೇ ಆಗ್ತಿತ್ತು ಕಣೇ. ಮುಟ್ಟು ನಿಲ್ಲೋ ಕಾಲದ್ದು ಇದು ಅಂತ ನಂಗೇ ಗೊತ್ತಿರ್ಲಿಲ್ಲ. ಹುಚ್ಚು ಹಿಡೀತಿದೆ ಅಂದ್ಕೊಂಡಿದ್ದೆ."

ಅತ್ತದ್ದನ್ನು ಯಾರೂ ನೋಡಿರದ ಕನಕಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಎದ್ದು ಹೋಗಿ ಸುಭದ್ರಾಳ ಕೈಯಿಂದ ಬ್ಯಾಗ್ ತೆಗೆದುಕೊಂಡರು.

"ಒಬ್ಳನ್ನ ಹಾಗೆ ಕಳ್ಕೊಂಡೆ. ನಿನ್ನನ್ನ ಕಳ್ಕೊಳಲ್ಲ. ಬಾ, ಹೊಸದಾಗಿ ಹಿಟ್ಟು ಕಲಸೋಣ."

ಆ ವಾರವೇ ಕನಕಮ್ಮ ಸುಭದ್ರಾಳನ್ನು ಬೇರೊಬ್ಬ ಲೇಡಿ ಡಾಕ್ಟರ್ ಹತ್ತಿರ ತಾವೇ ಕರೆದುಕೊಂಡು ಹೋದರು. ಕುರ್ಚಿ ಎಳೆದು ಕೂತು ಹೇಳಿದರು...

"ಸಹಜ ಅಂತ ನಮಗೂ ಗೊತ್ತು ಡಾಕ್ಟ್ರೇ. ಏನ್ ಮಾಡ್ಬೇಕು ಅಂತ ಹೇಳಿ. ನಾವು ಅವಸರದಲ್ಲಿಲ್ಲ."

ಡಾಕ್ಟರ್ ಅರ್ಧ ಗಂಟೆ ಮಾತಾಡಿದರು. (ಏನು ಔಷಧಿ ಎಂದು ನಾನು ಬರೆಯುವುದಿಲ್ಲ. ಒಬ್ಬರಿಗೆ ಸರಿಹೋದದ್ದು ಇನ್ನೊಬ್ಬರಿಗೆ ಸರಿಹೋಗದಿರಬಹುದು... ನಿಮ್ಮ ಡಾಕ್ಟರನ್ನೇ ಕೇಳಿ.)

ಸುಭದ್ರಾಳ ಬಿಸಿ ಪೂರ್ತಿ ನಿಂತಿಲ್ಲ. ಈಗಲೂ ಕೆಲವು ದಿನ ಸಿಟ್ಟು ಬರುತ್ತದೆ, ಅಳುವೂ ಬರುತ್ತದೆ.

ಆದರೆ ಈಗ ಬಿಸಿ ಏರಿದರೆ ಅವಳು ಯಾರನ್ನೂ ಕೇಳದೆಯೇ ಎದ್ದು ಅಂಗಳಕ್ಕೆ ಹೋಗುತ್ತಾಳೆ. ಅವಳು ಬರುವವರೆಗೆ ಜಯಶೀಲಾ ಅವಳ ಪಾಲಿನ ಉಂಡೆಗಳನ್ನು ತನ್ನ ಮಣೆಗೆ ಎಳೆದುಕೊಂಡು ಲಟ್ಟಿಸುತ್ತಿರುತ್ತಾಳೆ...

*ಎಲ್ಲರಿಗೂ ಆಗುವ ಕಷ್ಟವನ್ನು ಒಬ್ಬೊಬ್ಬರೇ ಬಚ್ಚಿಟ್ಟುಕೊಂಡರೆ, ಅದು ಪ್ರತಿಯೊಬ್ಬರಿಗೂ ಎರಡು ಪಟ್ಟಾಗುತ್ತದೆ.*

ನಿಮ್ಮ ಮನೆಯಲ್ಲಿ ಇತ್ತೀಚೆಗೆ ಸಣ್ಣದಕ್ಕೂ ರೇಗುವ ಅಮ್ಮ, ಅಕ್ಕ, ಹೆಂಡತಿ ಇದ್ದಾರೆಯೇ? "ಮೈಗೆ ಏನಾಗ್ತಿದೆ?" ಎಂದು ಒಮ್ಮೆಯಾದರೂ ಕೂತು ಕೇಳಿದ್ದೀರಾ...?