ಹೂವಿನ ಸಾರ

ನಾಯಿಗಳ ಓಟದ ಪಂದ್ಯದಲ್ಲಿ ಸರದಿ ಬರುವ ಮೊದಲೇ ಗಿರಮಲ್ಲಪ್ಪ ರೊಟ್ಟಿಯ ಚೂರಿಗೆ ಬಿಳಿ ಪುಡಿ ಉದುರಿಸಿ ತನ್ನ ಮುಧೋಳ ನಾಯಿಯ ಮೂತಿಗೆ ಹಿಡಿದ. ಫಾರ್ಮಸಿ ಓದುವ ಮಗಳು ವೈಶಾಲಿ ಅವನ ಮುಂಗೈ ಹಿಡಿದುಕೊಂಡಳು.

“ಹೂವಿನ ಸಾರ ಅಂತ ಡಬ್ಬಿ ಮ್ಯಾಲ ಬರದಾರವ್ವ. ಹುರುಪು ಬರ್ತೈತಿ, ಅಷ್ಟ,” ಎಂದ ಅಪ್ಪ.

“ಹೂವಿಂದಲ್ಲಪ್ಪಾ, ಫ್ಯಾಕ್ಟರಿ ಒಳಗ ಮಾಡಿದ್ದು. ರಕ್ತದ ನರ ಬಿಗಿತಾವ. ಓಡೂ ಹೊತ್ತಿಗೆ ಗುಂಡಿಗಿ ತಡ್ಕೊಳ್ಳಂಗಿಲ್ಲ.”

“ಎಲ್ಲಾರೂ ಹಾಕ್ತಾರ.”

ವೈಶಾಲಿ ಚೂರನ್ನು ಕಿತ್ತುಕೊಂಡು, ಅಪ್ಪನನ್ನೇ ದಿಟ್ಟಿಸುತ್ತ, ತನ್ನ ಬಾಯಿಗೆ ಒಯ್ದಳು.

ಗಿರಮಲ್ಲಪ್ಪ ಅವಳ ಕೈಗೆ ಬಾರಿಸಿದ. ರೊಟ್ಟಿ ಮಣ್ಣಿಗೆ ಬಿತ್ತು. ನಾಯಿ ಅತ್ತ ಮೂತಿ ಚಾಚಿತು. ಬಿದ್ದ ರೊಟ್ಟಿಯ ಚೂರನ್ನೂ ಕಣ್ಣಿಗೊತ್ತಿಕೊಂಡು ಎತ್ತಿಡುವ ಮನುಷ್ಯ, ಚಪ್ಪಲಿಗಾಲಲ್ಲಿ ಅದನ್ನು ತುಳಿದು ನಿಂತ.